ಮನಾಮದ ಮನೆಗೆ ಕಳುಹಿಸಿದವರು

ಮಣ್ಣಗುಡ್ಡ, ಮಂಗಳೂರು
9-3-1958

ಮಗಾ ಸ್ನೇಹಲತಾ,

ಹಾಗಾಗಿ ಅಕ್ಕಿಯ ವಿಷಯದಲ್ಲಿ ನೀನಿನ್ನು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಿನ್ನೆಯ ಕಾಗದದಲ್ಲಿ ಜಾಗ ಮುಗಿಯಿತು. ಅಂಚಿನಲ್ಲಿಯೂ ಬರೆದು, ಅಂಟು ಹಚ್ಚುವಲ್ಲಿಯೂ ಬರೆದು, ಅಕ್ಕಿಯ ಮಾತು ಅರ್ಧದಲ್ಲಿರುವಾಗಲೇ ಪೋಸ್ಟಿಗೆ ಹಾಕಿ ಬಂದೆ. ಉಳಿದದ್ದು ಈಗ ಹೇಳುತ್ತೇನೆ.

ನಮ್ಮ ಕೆಳಗಿನ ಮನೆಯ ಉಮಾವತಿಯಕ್ಕನ ಮಗ ಲೋಕನಾಥನಿಗೆ ಅಳಿಯಂದಿರ ಕಂಪೆನಿಯಲ್ಲಿಯೇ ಟೈಪಿಸ್ಟ್ ಕೆಲಸವಾಗಿದೆ. ಮುಂದಿನ ವಾರ ಬೊಂಬಾಯಿಯಲ್ಲಿ ಹಡಗು ಹತ್ತುತ್ತಾನೆ. ಅವನ ಕೈಯಲ್ಲಿ ಒಂದು ಸಣ್ಣ ಮುಡಿ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಒಣ ಸಿಗಡಿ, ಪುನರ್ಪುಳಿ ಎಲ್ಲ ಕಳುಹಿಸುತ್ತಿದ್ದೇನೆ. ಕಂಪೆನಿಯವರು ಮದುವೆಯಾಗದವರಿಗೆ ಮೆಸ್ಸಿನಲ್ಲಿ ಮಂಚ ಕೊಡುತ್ತಾರಂತೆ. ಉಮಾವತಿಯಕ್ಕ ಅದನ್ನು ಹೇಳಿ, "ಅಲ್ಲಿ ಗುರ್ತದವರು ಯಾರುಂಟು, ಎಂತ ತಿಂತಾನೋ ಏನೋ" ಎಂದು ಕಣ್ಣಿಗೆ ಸೆರಗು ಒತ್ತಿಕೊಂಡರು. ನಾನೆಂದೆ: "ಎಂತ ಮಾರಾಯ್ರೆ, ನನ್ನ ಮಗಳ ಮನೆ ಇರುವಾಗ ಮೆಸ್ಸು ಎಂತಕ್ಕೆ?" ಮೊದಲಿಗೆ ಸ್ವಲ್ಪ ಸಂಕೋಚಪಟ್ಟರು. ನಾನು ಬಿಡಲಿಲ್ಲ.

ಖರ್ಚು ಜಾಸ್ತಿ ಎಂದು ನೀನು ಹಿಂದೊಮ್ಮೆ ಬರೆದಿದ್ದೆ. ಮಗಾ, ಆ ಊರಿನಲ್ಲಿಯೂ ನಡೆಯುವುದು ನಮ್ಮದೇ ರೂಪಾಯಿ. ಬೇರೆ ದೇಶಕ್ಕೆ ಹೋದ ಮಾತ್ರಕ್ಕೆ ಅದೇ ನೋಟಿನ ತೂಕ ಹೇಗೆ ಕಡಿಮೆಯಾದೀತು? ಇಂಟರ್‌ಮೀಡಿಯೆಟಿನಲ್ಲಿ ನಮಗೊಂದು ಪಾಠವಿತ್ತು, ಮೆನಿ ಎ ಮಿಕಲ್ ಎಂದು ಏನೋ, ಹನಿಗೂಡಿದರೆ ಹಳ್ಳ ಎಂಬ ಅರ್ಥದ್ದು. ಹಂಚಿನ ಕಾರ್ಖಾನೆಯ ಹೆಡ್ ಕ್ಲರ್ಕ್ ಆಗಿ ನಿವೃತ್ತನಾಗುವಾಗ ನನಗಿದ್ದದ್ದು ನೂರ ಹತ್ತು. ಅದರಲ್ಲಿ ನಿನ್ನ ಅಮ್ಮ ಬಂದವರಿಗೆಲ್ಲ ಬಡಿಸಿದಳು, ನಿನ್ನ ಮದುವೆಗೂ ಉಳಿಸಿದಳು. ಅಳಿಯಂದಿರಿಗೆ ನಾನೂರ ಐವತ್ತು ಉಂಟು.

ನಿನ್ನ ಕಾಗದ ಬಂದ ದಿನ ಸಂಜೆ ಜಗಲಿಯಲ್ಲಿ ಏಳೆಂಟು ಜನ ಸೇರುತ್ತಾರೆ. ನಾನು ಓದುತ್ತೇನೆ, ಅವರು ಕೇಳುತ್ತಾರೆ. ಸ್ವಲ್ಪ ಉದ್ದ ಬರೆ.

ನಿನ್ನ ಅಪ್ಪ
ಸರ್ವೋತ್ತಮ ಶೆಟ್ಟಿ


ಮನಾಮ, ಬಹರೈನ್
30-3-1958

ಪ್ರೀತಿಯ ಅಪ್ಪನಿಗೆ ಮಗಳು ಸ್ನೇಹಲತಾ ಮಾಡುವ ನಮಸ್ಕಾರಗಳು. ಜಗಲಿಯಲ್ಲಿ ಕುಳಿತಿರುವ ಹಿರಿಯರಿಗೂ ನಮಸ್ಕಾರ.

ಲೋಕನಾಥ ಸುಖವಾಗಿ ತಲುಪಿದ್ದಾನೆ. ಉಮಾವತಿ ಮಾಮಿಗೆ ಹೇಳಿ, ಅವನಿಗೆ ಹಡಗಿನಲ್ಲಿ ವಾಂತಿಯಾದದ್ದು ಒಂದೇ ದಿನ. ಊಟ ಚೆನ್ನಾಗಿ ಮಾಡುತ್ತಾನೆ. ಅಕ್ಕಿಯೂ ಕೈಗೆ ಬಂತು. ಅಂದೇ ಗಂಜಿ ಮಾಡಿದೆ, ಇವರು ಮೂರು ಬಟ್ಟಲು ಕುಡಿದರು.

ನಮ್ಮ ಮನೆ ಎರಡು ಕೋಣೆಯದು. ಲೋಕನಾಥನಿಗೆ ಹೊರಗಿನ ಕೋಣೆ ಕೊಟ್ಟಿದ್ದೇವೆ. ಇಲ್ಲಿ ಬಾವಿಯ ನೀರು ಉಪ್ಪು, ಕುಡಿಯುವ ನೀರು ಕತ್ತೆಯ ಮೇಲೆ ಡಬ್ಬಗಳಲ್ಲಿ ಬರುತ್ತದೆ, ಕೊಂಡುಕೊಳ್ಳಬೇಕು. ನಮ್ಮ ಊರಿನವರಿಗೆ ಇದನ್ನು ಕೇಳಿದರೆ ನಗು ಬಂದೀತು.

ಕಂಪೆನಿಯ ಮೆಸ್ಸನ್ನು ನಾನು ಮೊನ್ನೆ ನೋಡಿದೆ. ತುಂಬ ಶುಚಿ. ಅಡುಗೆಯವನು ಮಲಬಾರಿನವನು, ಮೀನಿನ ಸಾರು ನಮ್ಮ ಹಾಗೆಯೇ ಮಾಡುತ್ತಾನಂತೆ. ಇದು ಸುಮ್ಮನೆ ಬರೆದೆ.

ನಿಮ್ಮ ಮಗಳು
ಸ್ನೇಹಲತಾ


ಮಣ್ಣಗುಡ್ಡ
14-4-1958, ಬಿಸು

ಮಗಾ,

ಇಂದು ಬಿಸು ಕಣಿ. ನಿನ್ನ ಅಮ್ಮನಿದ್ದಾಗಿನ ಹಾಗೆ ಸೌತೆಕಾಯಿ, ತೆಂಗಿನಕಾಯಿ, ಕನ್ನಡಿ ಇಟ್ಟೆ. ಕನ್ನಡಿಯಲ್ಲಿ ಕಂಡದ್ದು ನನ್ನದೇ ಮುಖ, ಅದನ್ನು ನೋಡಿ ಹೊಸ ವರ್ಷಕ್ಕೆ ಏನು ಶುಭವಾದೀತು ಗೊತ್ತಿಲ್ಲ.

ನಿನ್ನ ಕಾಗದ ಓದಿದ ಸಂಜೆ ನೀನಿರಬೇಕಿತ್ತು. ಕತ್ತೆಯ ಮೇಲೆ ನೀರು ಎಂದಾಗ ಎಲ್ಲರೂ ನಕ್ಕರು. ಉಮಾವತಿಯಕ್ಕ "ಒಮ್ಮೆ ಪುನಃ ಓದಿ" ಎಂದು, ಲೋಕನಾಥ ಊಟ ಮಾಡುವ ಸಾಲನ್ನು ಎರಡು ಸಲ ಓದಿಸಿದರು. ಅಂದಿನಿಂದ ನಮ್ಮ ಜಗಲಿಗೆ ಬರುವವರು ಹೆಚ್ಚಾಗಿದ್ದಾರೆ. ನಿನ್ನ ಅಮ್ಮ ಹೋದ ಮೇಲೆ ಈ ಬೆಂಚು ಇಷ್ಟು ತುಂಬಿದ್ದಿಲ್ಲ. ನಾನು ಪೇಟೆಗೆ ಹೋದರೆ "ಶೆಟ್ರೆ, ಬಹರೈನಿನಲ್ಲಿ ಎಂತ ಸುದ್ದಿ?" ಎಂದು ಅಂಗಡಿಯಿಂದ ಕರೆಯುತ್ತಾರೆ.

ಈಗ ಸಂತೋಷದ ವಿಷಯ. ಕಂಕನಾಡಿಯ ಫಿಲಿಪ್ ಪೊರ್ಬುಗಳ ಮಗ ಜಾರ್ಜಿಗೆ ಅಲ್ಲಿ ಸ್ಟೋರಿನಲ್ಲಿ ಕೆಲಸವಾಗಿದೆ. ಪಡೀಲಿನ ನೂರ್ ಮುಹಮ್ಮದರ ಮಗ ಸಲಾಂ ಫಿಟ್ಟರ್ ಆಗಿ ಹೋಗುತ್ತಾನೆ. ಫಿಲಿಪ್ ನನ್ನೊಡನೆ ಕಾಲೇಜಿನಲ್ಲಿದ್ದವರು, ನೂರ್ ಮುಹಮ್ಮದರು ನಮ್ಮ ಕಾರ್ಖಾನೆಯ ಹಂಚು ಹಡಗಿಗೆ ಹಾಕಿಸುತ್ತಿದ್ದವರು. ಇಬ್ಬರಿಗೂ ಮಾತು ಕೊಟ್ಟಿದ್ದೇನೆ. ಜೂನಿನಲ್ಲಿ ಹೊರಡುತ್ತಾರೆ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮುಡಿ ಅಕ್ಕಿ. ಮೂವರಿಗೆ ಉರಿಯುವ ಒಲೆ ಐವರಿಗೆ ಉರಿಯುವುದಿಲ್ಲವೇ? ಊರಿನ ಅಕ್ಕಿ ಊರಿನವರಿಂದಲೇ ಬಂದ ಮೇಲೆ ನಿನಗೆ ಖರ್ಚಾದರೂ ಯಾವುದು?

ಅಪ್ಪ


ಮನಾಮ
5-5-1958

ಅಪ್ಪನಿಗೆ ನಮಸ್ಕಾರ.

ಇಲ್ಲಿ ಸೆಕೆ ಶುರುವಾಗಿದೆ. ಹಾಲು ಮಧ್ಯಾಹ್ನದವರೆಗೆ ನಿಲ್ಲುವುದಿಲ್ಲ, ದಿನವೂ ಐಸ್ ಕೊಳ್ಳುತ್ತೇವೆ.

ಜಾರ್ಜ್, ಸಲಾಂ ಬರುವ ಸುದ್ದಿ ತಿಳಿಯಿತು. ಅವರಿಬ್ಬರೂ ಮೆಸ್ಸಿನಲ್ಲಿಯೇ ಇಳಿದರೆ ವಯಸ್ಸಿನವರ ಸಂಗಾತ ಸಿಗುತ್ತದೆ ಎಂದು ಇವರು ಹೇಳಿದರು. ಲೋಕನಾಥನಿಗೂ ಈಗ ಒಂಟಿ ಅನಿಸುತ್ತದೆಯೋ ಏನೋ. ಅವರು ಹೊರಡುವ ತಾರೀಕು ನಿಶ್ಚಯವಾಯಿತೇ? ಅದೊಂದು ಬೇಗ ತಿಳಿಸಿ ಅಪ್ಪ.

ಮಾಂಸ ತರುವುದನ್ನು ಕಡಿಮೆ ಮಾಡಿದ್ದೇವೆ, ಈ ಸೆಕೆಗೆ ಅದು ಒಳ್ಳೆಯದಲ್ಲ. ಮತ್ತೊಂದು. ಅಮ್ಮನ ಹಳೆಯ ನೂಲಿನ ಸೀರೆಗಳು ಮರದ ಪೆಟ್ಟಿಗೆಯಲ್ಲಿ ಇರಬೇಕು. ಹರಿದವಾದರೂ ಆದೀತು, ತೊಳೆದು ಮೆತ್ತಗಾದವು ನಾಲ್ಕು ಕಳುಹಿಸಿಕೊಡಿ.

ಹೆಚ್ಚು ಬರೆಯಲು ಇಲ್ಲ.

ಸ್ನೇಹಲತಾ


ಮಣ್ಣಗುಡ್ಡ
20-5-1958

ಸ್ನೇಹಲತಾ,

ನಿನ್ನ ಕಾಗದವನ್ನು ಜಗಲಿಯಲ್ಲಿ ಓದುತ್ತ ಸೀರೆಯ ಮಾತಿಗೆ ಬಂದಾಗ ಎಲ್ಲರೂ ನನ್ನ ಮುಖ ನೋಡಿದರು. ನಾನೂರ ಐವತ್ತು ರೂಪಾಯಿ ತರುವವನ ಹೆಂಡತಿ ಸತ್ತ ತಾಯಿಯ ಹರಿದ ಸೀರೆ ಕೇಳುವುದೆಂದರೆ ಏನು?

ಲೋಕನಾಥನೂ ತಾಯಿಗೆ ಬರೆದಿದ್ದಾನೆ, ಮನೆಯಲ್ಲಿ ಈಗ ಮಾಂಸ ಅಪರೂಪ, ಅಕ್ಕ ಹಗಲೆಲ್ಲ ಯಾರದೋ ಬಟ್ಟೆ ಹೊಲಿಯುತ್ತಾರೆ ಎಂದು. ಸೆಕೆಗೆ ಮಾಂಸ ಒಳ್ಳೆಯದಲ್ಲ ಎನ್ನುತ್ತೀಯಲ್ಲ, ಮಂಗಳೂರಿನಲ್ಲಿ ಸೆಕೆ ಇಲ್ಲವೇ? ನಾನು ಮೂವತ್ತು ವರ್ಷ ಇನ್ನೊಬ್ಬರ ಲೆಕ್ಕ ನೋಡಿದವನು. ಬಂದ ಹಣ ಕಾಣುತ್ತದೆ, ಹೋದ ದಾರಿ ಕಾಣುವುದಿಲ್ಲ ಎಂದಾದರೆ ಅದಕ್ಕೊಂದು ಇಂಗ್ಲಿಷ್ ಮಾತುಂಟು, ಸರ್ಕಮ್‌ಸ್ಟಾನ್ಶಿಯಲ್ ಎಂತದೋ, ಸುತ್ತಲಿನ ಸಂಗತಿಯೇ ಸಾಕ್ಷಿ ಎಂಬ ಅರ್ಥದ್ದು. ಫಿಲಿಪ್ ಪೊರ್ಬುಗಳು ಮೆಲ್ಲಗೆ, "ಆ ಕಡೆ ಕ್ಯಾಂಪುಗಳಲ್ಲಿ ಇಸ್ಪೀಟು ಜೋರುಂಟಂತೆ ಶೆಟ್ರೆ, ನಾನು ನಿಮ್ಮ ಅಳಿಯನ ಮಾತು ಹೇಳಿದ್ದಲ್ಲ" ಎಂದರು. ಹೇಳಿದ್ದಲ್ಲ ಎಂದರೆ ಹೇಳಿದ ಹಾಗೆಯೇ.

ನಿನ್ನ ಗಂಡನ ಅಣ್ಣನಿಗೆ ಕಾರ್ಕಳಕ್ಕೆ ಕಾಗದ ಹಾಕಿದ್ದೇನೆ. ತಮ್ಮನ ಸಂಬಳ ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸಿ, ಹಿರಿಯನಾಗಿ ಎರಡು ಮಾತು ಬುದ್ಧಿ ಹೇಳಿ ಎಂದು ಬರೆದಿದ್ದೇನೆ. ನಿನಗೆ ಸಿಟ್ಟು ಬಂದರೆ ಬರಲಿ.

ಸೀರೆ ಕಳುಹಿಸುವುದಿಲ್ಲ. ಜಾರ್ಜ್ ಮತ್ತು ಸಲಾಂ ಜೂನ್ ಹದಿನಾರಕ್ಕೆ ಇಲ್ಲಿಂದ ರೈಲು ಹತ್ತುತ್ತಾರೆ. ನಿಮ್ಮ ಮನೆಯಲ್ಲಿಯೇ ಇಳಿಯುತ್ತಾರೆ. ನಾಲ್ಕು ಕಣ್ಣು ಹೆಚ್ಚು ಇದ್ದರೆ ನಿನಗೂ ಒಳ್ಳೆಯದು.

ಅಪ್ಪ


ಮನಾಮ
2-6-1958

ಅಪ್ಪ,

ಇದನ್ನು ನೀವು ಒಬ್ಬರೇ ಓದಿ. ಜಗಲಿಯಲ್ಲಿ ಬೇಡ.

ಇವರು ಇಸ್ಪೀಟು ಮುಟ್ಟುವವರಲ್ಲ. ಕಾರ್ಕಳದ ಭಾವನ ಕಾಗದ ನಿನ್ನೆ ಬಂತು. ಇವರು ಅದನ್ನು ಓದಿ ಮಡಚಿ ನನ್ನ ಕೈಗೆ ಕೊಟ್ಟು, "ನಿನ್ನ ಅಪ್ಪ ಕೇಳಿದ್ದು ಸರಿ, ಲೆಕ್ಕ ಬರೆದು ಕಳುಹಿಸು" ಎಂದರು. ಬಾಗಿಲಿನ ಆಚೆ ಲೋಕನಾಥನಿದ್ದ. ನಮ್ಮ ಮನೆಯಲ್ಲಿ ಜಗಳ ಮಾಡಲಿಕ್ಕೂ ಜಾಗವಿಲ್ಲ ಅಪ್ಪ.

ಲೆಕ್ಕ ಕೇಳಿ. ರೂಪಾಯಿ ನಮ್ಮದೇ, ಆದರೆ ಈ ನೆಲದಲ್ಲಿ ಏನೂ ಬೆಳೆಯುವುದಿಲ್ಲ. ನಿಮ್ಮ ಹಿತ್ತಿಲಲ್ಲಿ ಬಿದ್ದು ಮೊಳಕೆ ಬರುವ ತೆಂಗಿನಕಾಯಿ ಇಲ್ಲಿ ಒಂದೂಕಾಲು ರೂಪಾಯಿ. ಬಸಳೆ ಕಣ್ಣಿಗೆ ಕಂಡದ್ದಿಲ್ಲ. ಸಂಬಳದ ಮೂರರಲ್ಲೊಂದು ಪಾಲು ಬಾಡಿಗೆಗೆ ಹೋಗುತ್ತದೆ. ನೀರು, ಐಸ್, ಸೀಮೆಎಣ್ಣೆ ಎಲ್ಲವೂ ತಲೆ ಹೆಚ್ಚಿದ ಹಾಗೆ ಹೆಚ್ಚುತ್ತದೆ. ಕುಚ್ಚಲಕ್ಕಿ ಬೇಯಲಿಕ್ಕೆ ಎಷ್ಟು ಹೊತ್ತು ಸ್ಟೋವ್ ಉರಿಯಬೇಕು ಎಂದು ನಿಮಗೆ ಗೊತ್ತಿಲ್ಲ, ಅಮ್ಮನಿಗೆ ಗೊತ್ತಿತ್ತು. ನೀವು ಕಳುಹಿಸಿದ ಮುಡಿ ಮೂರು ವಾರಕ್ಕೆ ಮುಗಿಯಿತು. ಅದನ್ನು ತಂದವನು ಮೂರನೆಯ ತಿಂಗಳು ಇಲ್ಲೇ ಇದ್ದಾನೆ. ಅವನ ತಪ್ಪಲ್ಲ. ಹಣ ಕೊಡಲು ಬಂದ, ಅಪ್ಪ ಕಳುಹಿಸಿದವನಿಂದ ತೆಗೆದುಕೊಳ್ಳುವುದು ಹೇಗೆ? ಬೇಡ ಎಂದೆ. ಎರಡನೆಯ ಸಲ ಅವನು ಕೇಳಲಿಲ್ಲ. ಅದಕ್ಕಾಗಿ ನೆರೆಯವರ ಬಟ್ಟೆ ಹೊಲಿಯುತ್ತೇನೆ.

ಇದನ್ನೆಲ್ಲ ಮೊದಲೇ ಬರೆಯಬಹುದಿತ್ತು. ಆದರೆ ನಾನು ಬರೆಯುವುದು ನಿಮಗೆ, ಕೇಳುವುದು ಉಮಾವತಿ ಮಾಮಿ. ನಿಮ್ಮ ಮಗನ ಊಟ ನನಗೆ ಭಾರ ಎಂದು ಅವರ ಕಿವಿಗೆ ಹೇಗೆ ಹೇಳಲಿ?

ಈ ಮನೆ ಕಂಪೆನಿ ಗೊತ್ತು ಮಾಡಿಕೊಟ್ಟದ್ದು, ಗಂಡ ಹೆಂಡತಿಗೆ ಮಾತ್ರ. ಬಾಡಿಗೆದಾರರನ್ನು ಇಟ್ಟಿದ್ದೇವೆ ಎಂದು ಮನೆಯ ಯಜಮಾನ ಆಫೀಸಿಗೆ ದೂರು ಕೊಟ್ಟಿದ್ದಾನೆ. ಜೂನ್ ಮುಗಿಯುವಾಗ ಹೊರಗಿನವರು ಯಾರಾದರೂ ಇದ್ದರೆ ಈ ಮನೆ ಸರದಿಯಲ್ಲಿರುವ ಮುಂದಿನವರಿಗೆ. ಆಮೇಲೆ ಇವರಿಗೆ ಮೆಸ್ಸಿನ ಮಂಚ, ನನಗೆ ಊರಿನ ಹಡಗು. ಮದುವೆಯಾಗಿ ಎರಡು ವರ್ಷ ಕಾದ ಮೇಲೆ ಸಿಕ್ಕಿದ ಮನೆ ಇದು. ಮತ್ತೆ ಎಷ್ಟು ವರ್ಷವೋ ಗೊತ್ತಿಲ್ಲ.

ನನಗೀಗ ಐದು ತಿಂಗಳು. ಅಮ್ಮನ ಸೀರೆ ಕೇಳಿದ್ದು ಅದಕ್ಕೆ, ಮಗುವಿನ ಬಟ್ಟೆಗೆ. ಮೊದಲ ಹೆರಿಗೆಗೆ ತವರಿಗೆ ಬಾ ಎಂದು ನೀವು ಹೇಳುತ್ತೀರಿ ಎಂದೇ ಮುಚ್ಚಿಟ್ಟೆ. ನಾನು ಬಂದರೆ ಈ ಮನೆ ಬೇರೆಯವರಿಗೆ ಹೋಗುತ್ತದೆ. ಇಲ್ಲಿಯ ಆಸ್ಪತ್ರೆಯಲ್ಲಿ ಜೋನ್ ಎಂಬ ನಮ್ಮ ಕಂಕನಾಡಿಯ ನರ್ಸ್ ಇದ್ದಾರೆ, ನೋಡಿಕೊಳ್ಳುತ್ತೇನೆ ಎಂದಿದ್ದಾರೆ.

ಜಾರ್ಜ್ ಮತ್ತು ಸಲಾಂ ಪೆಟ್ಟಿಗೆ ಹಿಡಿದುಕೊಂಡು ಬಾಗಿಲಿಗೆ ಬಂದರೆ ಬೇಡ ಎನ್ನುವ ಶಕ್ತಿ ನನಗಿಲ್ಲ. ನೀವೇ ಏನಾದರೂ ಮಾಡಿ.

ಸ್ನೇಹಲತಾ


ಮಣ್ಣಗುಡ್ಡ
15-6-1958

ಮಗಾ,

ನಿನ್ನ ಕಾಗದ ನಾಲ್ಕು ದಿನ ಮೊದಲು ಬಂತು. ಒಬ್ಬನೇ ಓದಲಿಲ್ಲ.

ಒಬ್ಬರೇ ಓದಿ ಎಂದು ನೀನು ಮೇಲೆಯೇ ಬರೆದದ್ದು ಕಂಡಿತ್ತು. ಜಗಲಿ ತುಂಬ ಜನ. ನಿನ್ನ ಗಂಡನ ವಿಷಯದಲ್ಲಿ ನಾನಂದದ್ದು ಸರಿ ಎಂದು ನೀನೇ ಬರೆದಿರುತ್ತಿ, ಅದನ್ನು ಎಲ್ಲರೂ ಕೇಳಲಿ ಎಂಬ ಹಟ ನನಗೆ. "ನನ್ನ ಮಗಳು ಇವರಿಂದ ಮುಚ್ಚಿಡುವಂಥದ್ದು ಎಂತದುಂಟು" ಎಂದು ಗಟ್ಟಿಯಾಗಿ ಹೇಳಿಯೇ ಶುರು ಮಾಡಿದೆ. ಇಸ್ಪೀಟು ಮುಟ್ಟುವವರಲ್ಲ ಎಂಬಲ್ಲಿ ಫಿಲಿಪ್ ಪೊರ್ಬುಗಳು ಕೆಮ್ಮಿದರು. ನಾನು ನಿಲ್ಲಿಸಬೇಕಿತ್ತು, ಆದರೆ ಮಾತು ಇಳಿಜಾರಿನಲ್ಲಿ ಬಿಟ್ಟ ಗಾಡಿಯ ಹಾಗೆ ಓಡುತ್ತಿತ್ತು. ಎರಡನೆಯ ಸಲ ಅವನು ಕೇಳಲಿಲ್ಲ ಎಂಬ ಸಾಲು ಬಾಯಿಂದ ಹೊರಬಿದ್ದ ಮೇಲೆಯೇ ತಲೆಯೆತ್ತಿದ್ದು. ಉಮಾವತಿಯಕ್ಕ ನನ್ನನ್ನೇ ನೋಡುತ್ತಿದ್ದರು.

ನಾನು ಕಾಗದ ಮಡಚಿದೆ. ಅವರು, "ಓದಿ ಶೆಟ್ರೆ, ಇನ್ನೂ ಉಂಟಲ್ಲ" ಎಂದರು.

"ಇಲ್ಲ, ಮುಗಿಯಿತು" ಎಂದೆ.

"ಮುಗಿದದ್ದಲ್ಲ. ಒಬ್ಬರೇ ಓದಿ ಅಂತ ಹುಡುಗಿ ಹೇಳಿದ್ದು ನಿಮ್ಮ ಮರ್ಯಾದೆ ಉಳಿಸಲಿಕ್ಕೆ ಅಲ್ಲ, ನನ್ನದು ಉಳಿಸಲಿಕ್ಕೆ. ಅದನ್ನು ನೀವು ಬೀದಿಗೆ ತಂದಿರಿ" ಎಂದು ಎದ್ದರು. ಮೆಟ್ಟಿಲು ಇಳಿದವರು ತಿರುಗಿ, "ನಾನು ಮೆಸ್ಸು ಸಾಕು ಅಂತ ಹೇಳಿರಲಿಲ್ವಾ? ಬಿಡಲಿಲ್ಲ ನೀವು" ಎಂದರು. ಅವರು ಹಾಗೆ ಹೇಳಿದ್ದರು ಎಂಬುದೇ ನನಗೆ ನೆನಪಿಲ್ಲ. ಸಂಕೋಚದ ಮಾತೆಂದು ತಿಳಿದಿದ್ದೆ. ಮರುದಿನವೇ ಮಗನಿಗೆ ಏರ್ ಲೆಟರ್ ಹಾಕಿದ್ದಾರೆ, ಕಾಗದ ಕಂಡ ದಿನವೇ ಮೆಸ್ಸಿಗೆ ಹೋಗಬೇಕು, ಮೂರು ತಿಂಗಳ ಊಟದ ಹಣ ಸ್ನೇಹಲತಕ್ಕನ ಕೈಗೆ ಕೊಟ್ಟೇ ಹೊರಡಬೇಕು ಎಂದು. ಪೋಸ್ಟಿಗೆ ಹಾಕಿ ಬರುವಾಗ ನಮ್ಮ ಮೆಟ್ಟಿಲಿನ ಬುಡದಲ್ಲಿ ನಿಂತು ಗೋಡೆಗೆ ಹೇಳುವ ಹಾಗೆ ಹೇಳಿದರು. ಅವನು ಕೊಟ್ಟರೆ ನೀನು ಬೇಡ ಎನ್ನಬಾರದು, ಅದು ಅವರಿಗೆ ಇನ್ನೂ ದೊಡ್ಡ ಅವಮಾನ.

ಉಳಿದರ್ಧ ಕಾಗದವನ್ನು ಒಳಗೆ ಹೋಗಿ ಓದಿದೆ. ಐದು ತಿಂಗಳು ಎಂದಿದ್ದಿ.

ಮೂರು ದಿನ ಹೊರಗೆ ಹೊರಡಲಿಲ್ಲ. ಕೊಟ್ಟ ಮಾತನ್ನು ಹಿಂದೆ ತೆಗೆದುಕೊಳ್ಳುವುದು ಈ ಅರುವತ್ತೆರಡು ವರ್ಷದಲ್ಲಿ ನನಗೆ ಗೊತ್ತಿಲ್ಲದ ಕೆಲಸ. ಹೇಳದೆ ಇದ್ದರೆ ಏನು, ಹೇಗೋ ಆದೀತು ಎಂದೂ ಒಮ್ಮೆ ಅನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ನಾಳೆ ಅವರ ರೈಲು. ಇಂದು ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಾಗ ಕೊಡೆ ಹಿಡಿದು ಕಂಕನಾಡಿಗೆ ಹೋದೆ. ಭಾನುವಾರ, ಪೊರ್ಬುಗಳು ಇಗರ್ಜಿಯಿಂದ ಬಂದು ಕೋಟು ಬಿಚ್ಚುತ್ತಿದ್ದರು. ಅವರ ಹೆಂಡತಿ ಮಟಿಲ್ಡಾಬಾಯಿ ಜಾರ್ಜಿನ ಪೆಟ್ಟಿಗೆಗೆ ಹಗ್ಗ ಕಟ್ಟಿಸುತ್ತಿದ್ದರು.

ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಒಂದು ವಾಕ್ಯ ಜೋಡಿಸಿಕೊಂಡಿದ್ದೆ, ಆನ್ ಅಕೌಂಟ್ ಆಫ್ ಅನ್‌ಫೋರ್‌ಸೀನ್ ಎಂದು ಶುರುವಾಗುವಂಥದ್ದು. ಬಾಗಿಲಲ್ಲಿ ಅದು ಬರಲೇ ಇಲ್ಲ. "ಫಿಲಿಪ್, ನನ್ನ ಮಗಳ ಮನೆಯಲ್ಲಿ ಜಾಗ ಇಲ್ಲ" ಎಂದೆ.

"ಬಾಗಿಲು ತೆಗೆದದ್ದೂ ನೀವೇ, ಹಾಕಿದ್ದೂ ನೀವೇ" ಎಂದರು. "ನನ್ನ ಮಗ ಎಂತ ಬೇಡ್ಲಿಕ್ಕೆ ಹೋಗ್ತಾನಾ ಅಲ್ಲಿಗೆ? ಒಂದು ವಾರ ಮೊದಲು ಹೇಳ್ಬಹುದಿತ್ತಲ್ಲ, ಮೆಸ್ಸಿಗೆ ಬರೆದು ಮಂಚ ಹಿಡಿಸ್ತಿದ್ದೆ." ಕುಳಿತುಕೊಳ್ಳಿ ಎನ್ನಲಿಲ್ಲ. ನಿನಗೆಂದು ಕಟ್ಟಿದ್ದ ಪೊಟ್ಟಣವನ್ನು ಮಟಿಲ್ಡಾಬಾಯಿ ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟದ್ದನ್ನು ನೋಡಿ ಬಂದೆ. ಇಸ್ಪೀಟಿನ ಮಾತನ್ನೂ ಕೇಳಿಯೇ ಬಂದೆ, "ಅದು ನೀವು ಹೇಳಿದ್ದು ಸುಳ್ಳು" ಎಂದೆ. "ನಾನು ಹೇಳಿದ್ದೇ ಇಲ್ಲವಲ್ಲ" ಎಂದರು.

ಅಲ್ಲಿಂದ ಪಡೀಲಿಗೆ. ನೂರ್ ಮುಹಮ್ಮದರು ನನ್ನ ಮಾತನ್ನು ಪೂರ್ತಿ ಕೇಳಿ ನಕ್ಕುಬಿಟ್ಟರು. "ಶೆಟ್ರೆ, ನನ್ನ ಮಗನಿಗೆ ಅವನ ಗೆಳೆಯರ ಕೋಣೆ ಮೊದಲೇ ಗೊತ್ತು ಮಾಡಿ ಆಗಿತ್ತು. ನೀವು ಅಷ್ಟು ಪ್ರೀತಿಯಲ್ಲಿ ಹೇಳುವಾಗ ಬೇಡ ಅನ್ನಲಿಕ್ಕೆ ಬಾಯಿ ಬರಲಿಲ್ಲ ಮಾರಾಯ್ರೆ. ನಿಮ್ಮ ಮಗಳ ಮನೆಯಲ್ಲಿ ಹೊಂದಿಕೊಂಡು ಹೇಗೆ ಇರುವುದು ಅಂತ ಅವನಿಗೇ ಹೆದರಿಕೆ" ಎಂದರು. ಚಾ ಕೊಟ್ಟರು. ನಾನು ನಗಲಿಲ್ಲ. ನೀನು ಬೇಡ ಎನ್ನಲಾರದೆ ಬಡಿಸಿದಿ, ಅವರು ಬೇಡ ಎನ್ನಲಾರದೆ ಬರಲು ಒಪ್ಪಿದರು. ಇದರ ನಡುವೆ ಬೇಕು ಎಂದಿದ್ದವನು ನಾನೊಬ್ಬನೇ.

ಅಮ್ಮನ ಸೀರೆ ಸಲಾಂ ತರುತ್ತಾನೆ. ಸಂಜೆ ಅವನು ಇಲ್ಲಿಗೆ ಬಂದು ತೆಗೆದುಕೊಂಡು ಹೋದ. ನಾಲ್ಕಲ್ಲ, ಪೆಟ್ಟಿಗೆಯಲ್ಲಿ ಇದ್ದವಷ್ಟೂ. ಬಾಗಿಲಲ್ಲಿ ಕೊಟ್ಟು ಹೋಗು ಎಂದು ಹೇಳಿದ್ದೇನೆ. ಅಕ್ಕಿ ಕಳುಹಿಸಲಿಲ್ಲ.

ಕಾರ್ಕಳಕ್ಕೆ ನಾಳೆ ಮೊದಲ ಬಸ್ಸಿಗೆ ಹೋಗುತ್ತೇನೆ. ಕಾಗದದಲ್ಲಿ ಹಾಕಿದ ಮಾತನ್ನು ಕಾಗದದಲ್ಲಿ ತೆಗೆಯುವುದು ಸರಿಯಲ್ಲ, ಭಾವಂದಿರ ಎದುರು ನಿಂತೇ ಹೇಳಬೇಕು. ಅಳಿಯಂದಿರಿಗೆ ಏನು ಬರೆಯಬೇಕೋ ತಿಳಿಯಲಿಲ್ಲ. ಈ ಕಾಗದವನ್ನು ಅವರೂ ಓದಲಿ. ಸಿಟ್ಟು ಇಳಿಯದಿದ್ದರೆ ನನ್ನ ಮೇಲೆ ಇರಲಿ, ನಿನ್ನ ಮೇಲೆ ಬೇಡ ಎಂದು ಕೇಳಿಕೊಂಡಿದ್ದೇನೆಂದು ಹೇಳು.

ಈಗ ಹೇಳಬೇಕಾದದ್ದು. ಇದಕ್ಕಾಗಿಯೇ ಮನೆಗೆ ಬಂದಾಗಿನಿಂದ ಪೆನ್ನು ಎತ್ತಿ ಇಟ್ಟು ಮಾಡುತ್ತಿದ್ದೇನೆ.

ಐದು ತಿಂಗಳು ಎಂದು ಓದಿದ ಕೂಡಲೇ ನಾನು ಮೊದಲು ಮಾಡಿದ್ದು ಏನು ಗೊತ್ತೇ? ನಿನ್ನ ಕೋಣೆಯ ಬಾಗಿಲು ತೆಗೆದು ನೋಡಿದೆ. ಮಂಚ ಎಲ್ಲಿ ಹಾಕಿಸುವುದು, ಬಾಣಂತಿಗೆ ನೀರು ಕಾಯಿಸುವ ಹಂಡೆಗೆ ಕಲಾಯಿ ಹಾಕಿಸುವುದು, ಯಾರನ್ನು ಕರೆಸುವುದು, ಎಲ್ಲ ಲೆಕ್ಕ ಹಾಕಿದೆ. ಎರಡು ದಿನ ಅದೇ ಲೆಕ್ಕದಲ್ಲಿದ್ದೆ. ಮಗು ಅಳುವ ಶಬ್ದವೂ ಕೇಳಿಸಿತು. ನಿನ್ನನ್ನು ಹಡಗಿನಿಂದ ಇಳಿಸಿಕೊಳ್ಳಲು ಬೊಂಬಾಯಿಗೆ ನಾನೇ ಹೋಗುವುದೆಂದೂ ಯೋಚಿಸಿಯಾಗಿತ್ತು. ಮನೆ ಹೋದರೆ ಹೋಗಲಿ, ಮಗಳು ಬರುತ್ತಾಳಲ್ಲ ಎಂದು. ಇಂದು ಪಡೀಲಿನಿಂದ ಬರುವಾಗ ಆ ಆಸೆ ನನ್ನನ್ನು ಅರ್ಧ ದಾರಿಯವರೆಗೆ ಹಿಂಬಾಲಿಸಿತು.

ನೀನು ಬರಬೇಡ.

ತಾಯಿಯಿಲ್ಲದ ಹುಡುಗಿಯನ್ನು ಚೊಚ್ಚಲ ಹೆರಿಗೆಗೆ ಅಪ್ಪ ಕರೆಸಲಿಲ್ಲ ಎಂದು ಜನ ಹೇಳುತ್ತಾರೆ. ಹೇಳುವವರು ಈಗ ಬೆಂಚಿಗೆ ಬರುವುದೂ ಇಲ್ಲ, ನಾಲ್ಕು ದಿನದಿಂದ ಜಗಲಿ ಖಾಲಿ. ಕೇಳಿದವರಿಗೆ ನಾನೇ ಬೇಡ ಎಂದೆ ಎಂದು ಹೇಳುತ್ತೇನೆ. ನೀನೂ ಹಾಗೆಯೇ ಹೇಳು. ನಿನ್ನ ಮನೆಯಲ್ಲಿ ನೀನಿರು, ನಿನ್ನ ಗಂಡನ ಹತ್ತಿರ ಇರು. ಆ ನರ್ಸಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನಾನೂ ಬರುತ್ತೇನೆ ಎನ್ನುವುದಿಲ್ಲ.

ನೋವು ಬಂದರೆ ತಡಮಾಡಬೇಡ, ಗಾಡಿ ಖರ್ಚು ನೋಡಬೇಡ. ಹುಟ್ಟಿದ ಕೂಡಲೇ ತಂತಿ ಕೊಡು. ಗಂಡೋ ಹೆಣ್ಣೋ ಎಂದು ಒಂದೇ ಮಾತು ಸಾಕು, ಉಳಿದದ್ದಕ್ಕೆ ದುಡ್ಡು ಹಾಕಬೇಡ, ಬಾಣಂತಿಗೆ ಕೋಳಿ ತಿನ್ನಬೇಕು, ಅದು ಅಲ್ಲಿ ಸಿಗುತ್ತದೋ ಇಲ್ಲವೋ, ಮತ್ತೆ ಓಮದ ಕಷಾಯ ನಿನ್ನ ಅಮ್ಮ ಹೇಗೆ ಮಾಡುತ್ತಿದ್ದಳೆಂದರೆ, ಮೊದಲು ಅದನ್ನು ಹುರಿದು, ಅಲ್ಲ, ಹುರಿಯುವ ಮೊದಲು ನೀರಿನಲ್ಲಿ, ತಡೆ, ನೆನಪು ಮಾಡಿಕೊಳ್ಳುತ್ತೇನೆ. ಮಳೆ ಮೋಡ ಗುಡ್ಡದ ಮೇಲಿಂದ ಕೆಳಗಿಳಿದಿದೆ. ಮೇಲಿನ ಸಾಲು ಸರಿಯಾಗಿ ಬಂತೋ ಇಲ್ಲವೋ ನನಗೇ ಕಾಣುವುದಿಲ್ಲ. ಬೆಳಕು ಹೋಗುತ್ತಾ ಉಂಟು.

ಅಪ್ಪ